ಬಸಳೆ ಚಪ್ಪರಕ್ಕೆ ಸೊಸೈಟಿಯ ಒಪ್ಪಿಗೆ: ಮುಲುಂಡಿನ ಒಂದು ಮನೆಯ ಕೈತೋಟದ ಪ್ರಕರಣ

ಮನೆಯಲ್ಲೇ ತರಕಾರಿ ಬೆಳೆದರೆ ಏನು ಲಾಭ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತದೆ. ವಿಷವಿಲ್ಲದ ಊಟ, ಕೈಯಲ್ಲಿ ನಾಲ್ಕು ಕಾಸು ಉಳಿತಾಯ. ಮುಂಬಯಿಯಲ್ಲಿ ಗಿಡ ಬೆಳೆಸಲು ಹೊರಟ ಕನ್ನಡದ ಮನೆಗಳಿಗೆ ಕೆಲವು ವರ್ಷಗಳಿಂದ ಹೋಗಿ ಬಂದು ಮಾಡುತ್ತಿರುವ ನನಗೆ ಈ ಉತ್ತರ ಸಾಲದು ಅನ್ನಿಸಿದೆ. ಉಳಿತಾಯ ಅಷ್ಟಾಗಿ ಆಗುವುದಿಲ್ಲ. ಊಟ ಒಳ್ಳೆಯದಾಗುವುದು ನಿಜ, ಆದರೆ ಅದು ಬೀಜ ಹಾಕಿದ ಮಾತ್ರಕ್ಕೆ ಆಗುವುದಲ್ಲ. ನಮ್ಮ ಅಡುಗೆಗೆ ಏನು ಬೇಕು, ನಮ್ಮ ಕಿಟಕಿಗೆ ಎಷ್ಟು ಬಿಸಿಲು ಬರುತ್ತದೆ, ಮೇಲಿನ ಮನೆಯವರು ಏನೆನ್ನುತ್ತಾರೆ, ಈ ಮೂರನ್ನೂ ನೋಡಿಕೊಂಡವರಿಗೇ ಲಾಭ ಸಿಗುತ್ತದೆ. ಇದನ್ನು, ಈ ಮೂರನ್ನೂ ಒಂದೊಂದಾಗಿ ಎದುರಿಸಿದ ಒಂದು ಮನೆಯ ಕಥೆಯಿಂದಲೇ ಹೇಳುವುದು ಸುಲಭ.

ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು, ಕಟ್ಟಡ, ರಸ್ತೆ ಯಾವುದನ್ನೂ ಹೇಳಿಲ್ಲ. ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆ ಮನೆಯ ಹಿರಿಯ ಹೆಂಗಸನ್ನು ಅಕ್ಕ ಎಂದೂ ಅವರ ಯಜಮಾನರನ್ನು ಭಾವ ಎಂದೂ ಕರೆಯುತ್ತೇನೆ. ನಾವೆಲ್ಲ ಕರೆಯುವುದೂ ಹಾಗೆಯೇ.

ಮನೆ

ಮುಂಬಯಿಯ ಉಪನಗರ ಮುಲುಂಡಿನಲ್ಲಿ ನಾಲ್ಕು ಮಾಳಿಗೆಯ ಹಳೇ ಕಟ್ಟಡ. ಲಿಫ್ಟ್ ಇಲ್ಲ. ಎರಡನೇ ಮಾಳಿಗೆಯಲ್ಲಿ ಅಕ್ಕ, ಭಾವ, ಮಗ, ಸೊಸೆ, ಪ್ರೈಮರಿ ಶಾಲೆಗೆ ಹೋಗುವ ಮೊಮ್ಮಗಳು. ಊರು ಕರಾವಳಿ ಕಡೆ. ಭಾವ ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತು ಸಂಸಾರ ಕಟ್ಟಿದವರು. ಕೆಲವು ವರ್ಷಗಳ ಹಿಂದೆ ಅವರಿಗೆ ಹೃದಯದ ಕವಾಟ ಬದಲಿಸುವ ಆಪರೇಷನ್ ಆಯಿತು. ಆಮೇಲೆ ಕೆಲಸ ಬಿಟ್ಟರು. ಮನೆಯಲ್ಲೇ ಇರುತ್ತಾರೆ.

ಆಪರೇಷನ್‌ಗೆ ಮೊದಲು ಅಕ್ಕ ವಾರಕ್ಕೊಮ್ಮೆ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗುತ್ತಿದ್ದರು. ಬಸಳೆ, ಕೆಸುವಿನ ಎಲೆ, ಮಂಗಳೂರು ಸೌತೆ, ಎಳೆ ಅಲಸಂದೆ ಒಟ್ಟಿಗೆ ಸಿಗುವುದು ಅಲ್ಲಿಯ ಮಾರ್ಕೆಟ್ಟಿನಲ್ಲೇ. ಆಮೇಲೆ ಭಾವನನ್ನು ಒಬ್ಬರೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಸ್ಟೇಷನ್ ಹೊರಗೆ ಸಿಗುವ ಪಾಲಕ್, ಮೆಂತ್ಯದಲ್ಲೇ ದಿನ ಕಳೆಯುತ್ತಿತ್ತು. ಅದರಲ್ಲೂ ಒಂದು ಅಳುಕು ಇತ್ತು. ಹಳಿ ಪಕ್ಕದ ಸೊಪ್ಪಿನ ಮಡಿಗಳನ್ನು ರೈಲಿನ ಕಿಟಕಿಯಿಂದ ನೋಡದ ಮುಂಬಯಿಯವರಿಲ್ಲ. ಅಂಥ ಮಡಿಗಳಿಗೆ ಕೆಲವು ಕಡೆ ಗಟಾರದ ನೀರು ಹಾಯಿಸುತ್ತಾರೆ ಎಂಬ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಿತ್ತು. ಕೈಯಲ್ಲಿರುವ ಕಟ್ಟು ಎಲ್ಲಿಂದ ಬಂದದ್ದು ಅಂತ ಕೇಳಿದರೆ ಮಾರುವವನಿಗೂ ಗೊತ್ತಿರುವುದಿಲ್ಲ.

ಹಾಗಾಗಿ ಅಕ್ಕನ ಆಸೆ ತುಂಬಾ ಸಣ್ಣದು. ವಾರಕ್ಕೆ ಎರಡು ಸಲ ನಂಬಿ ತಿನ್ನುವಂಥ ಸೊಪ್ಪು. ತಿಂಗಳಿಗೊಮ್ಮೆ ಭಾವನಿಗೆ ಬಸಳೆ ಗಸಿ, ಅಂದರೆ ತೆಂಗಿನಕಾಯಿ ಅರೆದ ಗಟ್ಟಿ ಪದಾರ್ಥ.

ಗ್ರಿಲ್‌ನ ಟೊಮೆಟೊ

ಆಸೆ ಸೊಪ್ಪಿನದಾದರೂ ಶುರು ಮಾಡಿದ್ದು ಟೊಮೆಟೊ, ಬದನೆ, ಡೊಣ್ಣೆಮೆಣಸಿನಿಂದ. ಹೆಚ್ಚಿನವರು ಹೀಗೆಯೇ ಮಾಡುತ್ತಾರೆ. ನರ್ಸರಿಯಲ್ಲಿ ಕಣ್ಣಿಗೆ ಬೀಳುವುದು ಆ ಸಸಿಗಳೇ ಅಲ್ವಾ? ಮಗ ಆರು ಕುಂಡ ತಂದು ಹಾಲ್‌ನ ಕಿಟಕಿಗೆ ಹೊರಚಾಚಿ ಕಟ್ಟಿದ ಗ್ರಿಲ್‌ನಲ್ಲಿ ಇಟ್ಟ. ಗಿಡಗಳು ಎತ್ತರಕ್ಕೆ ಹೋದವು, ಕಾಂಡ ಸಪೂರವಾಯಿತು. ಟೊಮೆಟೊ ಹೂ ಬಿಟ್ಟು ಉದುರಿಸಿತು. ಯಾರೋ ಗೊಬ್ಬರ ಕಡಿಮೆಯಾಗಿದೆ ಅಂದರು. ಯೂರಿಯಾ ಹಾಕಿದರು. ಎಲೆ ಇನ್ನೂ ಜಾಸ್ತಿಯಾಯಿತು, ಆ ಮೆತ್ತನೆ ಎಲೆಗೆ ಗಿಡಹೇನು ಮುತ್ತಿಕೊಂಡಿತು. ಕಾಯಿ ಮಾತ್ರ ಕಾಣಲಿಲ್ಲ.

ನಾನು ಮೊದಲ ಸಲ ಆ ಮನೆಗೆ ಹೋದಾಗ ಭಾವ ಬೇಸರದಲ್ಲೇ ಹೇಳಿದರು. "ಈ ಊರಿನಲ್ಲಿ ಮನುಷ್ಯರಿಗೇ ಗಾಳಿ ಬೆಳಕಿಲ್ಲ, ಗಿಡಕ್ಕೆಲ್ಲಿಂದ ಬರಬೇಕು ಮಾರಾಯ್ರೆ?"

ಮಾತು ನಿಜವಾಗಿತ್ತು. ಹಾಲ್‌ನ ಗ್ರಿಲ್ ಉತ್ತರಕ್ಕಿತ್ತು. ಹೂ ಬಿಟ್ಟು ಕಾಯಿ ಕೊಡುವ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು, ನಾಲ್ಕು ಗಂಟೆ ಸಾಕು. ಗೊಬ್ಬರ ಬಿಸಿಲಿನ ಕೊರತೆ ತುಂಬುವುದಿಲ್ಲ. ಆದ್ದರಿಂದ ಗಿಡ ತರುವ ಮೊದಲು ಮಾಡಬೇಕಾದ ಕೆಲಸವನ್ನು ನಾವು ಆಗ ಮಾಡಿದೆವು. ಮನೆಯ ಪ್ರತಿ ಕಿಟಕಿಯಲ್ಲಿ ಬಿಸಿಲು ಬರುವ ಹೊತ್ತು, ಹೋಗುವ ಹೊತ್ತು ಬರೆಯುವುದು. ಮೊಮ್ಮಗಳಿಗೆ ರಜೆ ಇತ್ತು. ಅವಳೇ ಗ್ರಿಲ್‌ನ ಸರಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದಳು. ವಾರದೊಳಗೆ ಗೊತ್ತಾಯಿತು: ಹಾಲ್‌ನಲ್ಲಿ ಬಿಸಿಲೇ ಇಲ್ಲ. ಅಡುಗೆಮನೆಯ ಪೂರ್ವದ ಗ್ರಿಲ್‌ನಲ್ಲಿ ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ ಇದೆ. ಆಮೇಲೆ ಎದುರಿನ ಟವರ್‌ನ ನೆರಳು.

ಟೊಮೆಟೊ ಕೈಬಿಟ್ಟದ್ದು ಈ ಪ್ರಕರಣದ ಮೊದಲ ತಿರುವು. ಅಕ್ಕನಿಗೆ ಸುಲಭವಾಗಿರಲಿಲ್ಲ. ಕೆಂಪು ಹಣ್ಣು ಕಿಟಕಿಯಲ್ಲಿ ತೂಗುವ ಚಿತ್ರ ಮನಸ್ಸಿನಲ್ಲಿತ್ತು. ಆದರೆ ಟೊಮೆಟೊ ಮಾರ್ಕೆಟ್ಟಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಎರಡು ದಿನ ಇಟ್ಟರೂ ಹಾಳಾಗುವುದಿಲ್ಲ. ಸೊಪ್ಪು ಹಾಗಲ್ಲ. ಕೊಯ್ದ ಹೊತ್ತಿನಿಂದ ಬಾಡುತ್ತದೆ, ಅದರಲ್ಲಿರುವ ಸಿ ಜೀವಸತ್ವ ದಿನದಿನಕ್ಕೆ ಕಡಿಮೆಯಾಗುತ್ತದೆ. ಇರುವ ಅಷ್ಟು ಜಾಗವನ್ನು ಯಾವುದು ತಾಜಾ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೋ ಅದಕ್ಕೇ ಕೊಡಬೇಕು. ಇದು ನನ್ನ ಗಟ್ಟಿಯಾದ ಅಭಿಪ್ರಾಯ, ಇವತ್ತಿಗೂ ಬದಲಾಗಿಲ್ಲ.

ಮೊದಲು ಮೆಂತ್ಯ ಹಾಕಿದರು. ಅಡುಗೆಮನೆಯ ಡಬ್ಬದ ಮೆಂತ್ಯವೇ. ಮಿಠಾಯಿಯ ಹಳೇ ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು, ಮೊಳೆ ಕಾಯಿಸಿ ತಳಕ್ಕೆ ತೂತು ಮಾಡಿದರು. ಎರಡು ಬೆರಳು ಎತ್ತರಕ್ಕೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿ ಹಾಕಿದರು. ರಾತ್ರಿ ನೆನೆಹಾಕಿದ ಕಾಳನ್ನು ಒತ್ತೊತ್ತಾಗಿ ಹರಡಿ, ಮೇಲೆ ಒದ್ದೆ ಪೇಪರ್ ಮುಚ್ಚಿದರು. ಮೊಳಕೆ ಪೇಪರನ್ನು ಎತ್ತಿದ ದಿನ ಅದನ್ನು ತೆಗೆದು ಬಿಸಿಲಿಗಿಟ್ಟರು. ಹತ್ತು ಹನ್ನೆರಡು ದಿನಕ್ಕೆ ನಾಲ್ಕು ಬೆರಳು ಎತ್ತರ. ಕತ್ತರಿಯಲ್ಲಿ ಕತ್ತರಿಸಿ, ತೊಳೆದು, ಹಾಗೇ ಬೇಳೆಗೆ ಹಾಕಿದರು. ಮುಂಬಯಿಯಲ್ಲಿ ಇದು ಹೊಸತೇನಲ್ಲ. ಕಡಲ ಬದಿಯ ಮರಳಿನಲ್ಲಿ ಬೆಳೆದು ಪುಟ್ಟ ಪುಟ್ಟ ಕಟ್ಟು ಮಾಡಿ ಮಾರುವ ಸಮುದ್ರ ಮೆಥಿ ಇದೇ. ಅದನ್ನು ಕಿಟಕಿಗೆ ತಂದದ್ದು, ಅಷ್ಟೆ.

ಎರಡು ಡಬ್ಬ ವಾರ ಬಿಟ್ಟು ವಾರ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ ಎಂದು ಕಂಡ ಮೇಲೆ ಅಕ್ಕನಿಗೆ ಧೈರ್ಯ ಬಂತು. ಹರಿವೆ, ಪುದಿನ, ದೊಡ್ಡಪತ್ರೆ, ಒಂದೆಲಗ ಬಂದವು. ಕರಿಬೇವಿನ ಗಿಡ ದೊಡ್ಡ ಕುಂಡದಲ್ಲಿ ಕೂತಿತು. ಬಸಳೆ ಮಾತ್ರ ಗ್ರಿಲ್‌ನಲ್ಲಿ ಹಿಡಿಸಲಿಲ್ಲ. ಅದಕ್ಕೆ ಹಬ್ಬಲು ಚಪ್ಪರ ಬೇಕು.

ತಾರಸಿಯ ತಕರಾರು

ಊರಿನಿಂದ ಬರುವಾಗ ಅಕ್ಕ ಬಸಳೆಯ ಕಾಂಡಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮತ್ಸ್ಯಗಂಧ ರೈಲಿನಲ್ಲಿ ತಂದರು. ಬಸಳೆಗೆ ಬೀಜವೇ ಬೇಕೆಂದಿಲ್ಲ, ಬಲಿತ ತುಂಡು ಊರಿದರೆ ಬೇರು ಬಿಡುತ್ತದೆ. ಮಗ ನಾಲ್ಕು ದೊಡ್ಡ ಕುಂಡಗಳನ್ನು ತಾರಸಿಗೆ ಹೊತ್ತ. ಯಾರನ್ನೂ ಕೇಳಲಿಲ್ಲ. ಸುಮ್ನೆ ನಾಲ್ಕು ಕುಂಡ ಅಲ್ವಾ ಅಂದುಕೊಂಡರು.

ಮಳೆಗಾಲ ಹತ್ತಿರ ಬಂದಾಗ ಸೊಸೈಟಿಯ, ಅಂದರೆ ಕಟ್ಟಡದ ಮನೆಯವರೆಲ್ಲ ಸೇರಿದ ಸಹಕಾರಿ ಸಂಘದ, ಸೆಕ್ರೆಟರಿ ಮನೆಗೆ ಬಂದರು. ನಾಲ್ಕನೇ ಮಾಳಿಗೆಯವರ ಸೂರು ಸೋರುತ್ತಿದೆ, ಕುಂಡದ ನೀರೇ ಕಾರಣ, ತೆಗೆಯಿರಿ ಅಂದರು. ಭಾವನಿಗೆ ಸಿಟ್ಟು ಬಂತು. "ನಾವೂ ಮೇಂಟೆನೆನ್ಸ್ ಕೊಡುವುದಿಲ್ವಾ? ತಾರಸಿಯಲ್ಲಿ ನಮಗೂ ಪಾಲಿಲ್ವಾ?"

ಇದೆ. ಆದರೆ ಅದು ಎಲ್ಲರ ಪಾಲು. ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳಲ್ಲಿ ತಾರಸಿ ಸೊಸೈಟಿಯ ಸೊತ್ತು. ಒಬ್ಬ ಸದಸ್ಯ ತನ್ನಷ್ಟಕ್ಕೆ ಅದನ್ನು ಬಳಸಲು ಒಪ್ಪಿಗೆ ಬೇಕು. ಇಂಥ ಹೊತ್ತಿನಲ್ಲಿ ಮನೆ ತೋಟಗಳು ಹಾಳಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದೋ ಜಗಳ ಹತ್ತಿ ವರ್ಷಗಟ್ಟಲೆ ಮಾತು ನಿಲ್ಲುತ್ತದೆ, ಇಲ್ಲವೇ ಗಿಡ ಎಸೆದು ಆ ಆಸೆಯನ್ನೇ ಬಿಡುತ್ತಾರೆ.

ಅಕ್ಕ ಮೂರನೇ ದಾರಿ ಹಿಡಿದರು. ಮರುದಿನ ಮಧ್ಯಾಹ್ನ ನಾಲ್ಕನೇ ಮಾಳಿಗೆಗೆ ಒಬ್ಬರೇ ಹೋದರು. ಅಲ್ಲಿಯ ಮರಾಠಿ ಹೆಂಗಸನ್ನು ಕಟ್ಟಡದವರೆಲ್ಲ ವಹಿನಿ, ಅಂದರೆ ಅತ್ತಿಗೆ, ಅನ್ನುತ್ತಾರೆ. "ವಹಿನಿ, ನಿಮ್ಮ ಸೂರು ತೋರಿಸಿ" ಅಂದರು. ವಹಿನಿ ಮೊದಲು ಬಿಗುವಾಗಿಯೇ ಇದ್ದರು. ಆಮೇಲೆ ಮಲಗುವ ಕೋಣೆ ತೋರಿಸಿದರು. ಮೂಲೆಯಲ್ಲಿ ಸುಣ್ಣ ಉಬ್ಬಿ ಬಿದ್ದಿತ್ತು, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿದಿತ್ತು. ಹಾಸಿಗೆ ಸರಿಸಿ ಬಕೆಟ್ ಇಡುವ ಜಾಗವನ್ನೂ ತೋರಿಸಿದರು. ಆ ಮೂಲೆ ಕುಂಡ ಇಟ್ಟ ಜಾಗದಿಂದ ತುಂಬಾ ದೂರ. ಅಕ್ಕನಿಗೆ ಅದು ಅಲ್ಲೇ ಗೊತ್ತಾಯಿತು. ಹೇಳಿ ಗೆಲ್ಲಬಹುದಿತ್ತು. ಅವರು ಹೇಳಲಿಲ್ಲ. ಕೆಳಗೆ ಬಂದು ಮಗನಿಗೆ ಕುಂಡ ಇಳಿಸಲು ಹೇಳಿದರು.

ಮನೆಯಲ್ಲಿ ಯಾರಿಗೂ ಇದು ಹಿಡಿಸಲಿಲ್ಲ. ಅಕ್ಕ ಹೇಳಿದ್ದು ಇಷ್ಟೇ: "ಮಳೆ ಬರಲಿ. ಕುಂಡ ಇಲ್ಲದೆಯೂ ಸೋರುತ್ತದಾ ಅಂತ ಎಲ್ಲರೂ ನೋಡಲಿ."

ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ. ಮುಂಬಯಿಗೆ ಬೀಳುವ 2,000 ಮಿಲಿಮೀಟರಿಗೂ ಮೀರಿದ ಮಳೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಹಳೇ ತಾರಸಿಗೆ ನಾಲ್ಕು ಕುಂಡದ ನೀರು ಅದರ ಮುಂದೆ ಯಾವ ಲೆಕ್ಕ? ಆ ಮಳೆಗಾಲ ತಾರಸಿಯಲ್ಲಿ ಒಂದು ಗಿಡವೂ ಇರಲಿಲ್ಲ. ವಹಿನಿಯ ಕೋಣೆ ಹಿಂದಿಗಿಂತ ಜಾಸ್ತಿ ಸೋರಿತು. ಮೇಸ್ತ್ರಿ ಬಂದು ನೋಡಿದಾಗ ಕಾರಣ ಸಿಕ್ಕಿತು. ಮಳೆ ನೀರು ಇಳಿಯುವ ಪೈಪಿನ ಬಾಯಿಗೆ ಕಸ ಕಟ್ಟಿ ನೀರು ನಿಲ್ಲುತ್ತಿತ್ತು, ಪ್ಯಾರಪೆಟ್ ಗೋಡೆ ತಾರಸಿಯನ್ನು ಸೇರುವಲ್ಲಿ ಗಾರೆ ಬಿರುಕು ಬಿಟ್ಟಿತ್ತು.

ಭಾರದ ಲೆಕ್ಕ

ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರ ಒಳಗೆ ಆಗಬೇಕು. ತಾರಸಿಯಲ್ಲಿ ಗಿಡ ಇಡಲು ಒಪ್ಪಿಗೆ ಕೇಳಿ ಆ ಸಭೆಗೆ ಅಕ್ಕನ ಪರವಾಗಿ ಸೊಸೆ ಒಂದು ಪತ್ರ ಕೊಟ್ಟಳು. ಮುಂಬಯಿ ಪೋರ್ಟ್ ಟ್ರಸ್ಟಿನ ಕೇಂದ್ರ ಅಡುಗೆಮನೆಯ ತಾರಸಿಯಲ್ಲಿ ಪ್ರೀತಿ ಪಾಟೀಲ್ ಅವರು 2002ರಲ್ಲಿ ಶುರು ಮಾಡಿದ ತೋಟದ ಬಗ್ಗೆ ಅವಳು ಓದಿದ್ದಳು. ಅಡುಗೆಮನೆಯ ಹಸಿ ಕಸವನ್ನೇ ಗೊಬ್ಬರ ಮಾಡಿ ಅಲ್ಲಿ ಹಣ್ಣು, ತರಕಾರಿ ಬೆಳೆದಿದ್ದಾರೆ. ಈ ನಗರದ ಮಳೆಯಲ್ಲೇ, ಇಲ್ಲಿಯದೇ ಕಾಂಕ್ರೀಟ್ ತಾರಸಿಯ ಮೇಲೆ ಇದು ಸಾಧ್ಯ ಎಂದು ತೋರಿಸಲು ಆ ಉದಾಹರಣೆ ಉಪಯೋಗಕ್ಕೆ ಬಂತು.

ಆದರೆ ಸಭೆಯಲ್ಲಿ ಒಂದನೇ ಮಾಳಿಗೆಯ ಸಿವಿಲ್ ಇಂಜಿನಿಯರ್ ಒಬ್ಬರು ಎದ್ದು ಕೇಳಿದ ಪ್ರಶ್ನೆಯೇ ಬೇರೆ. ಸೋರುವುದು ಬಿಡಿ, ಭಾರದ ಗತಿ ಏನು?

ತಾರಸಿ ತೋಟ ಮಾಡುವ ಹೆಚ್ಚಿನವರು ಇದನ್ನು ಯೋಚಿಸುವುದೇ ಇಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ. ತಾರಸಿಯ ಮೇಲೆ ಇಟ್ಟಿಗೆ ಕಟ್ಟಿ 20 ಸೆಂಟಿಮೀಟರ್ ಮಣ್ಣು ತುಂಬಿದರೆ ಒಂದು ಚದರ ಮೀಟರಿಗೆ 360 ಕಿಲೋ ಆಯಿತು. ಜನ ಓಡಾಡುವ ತಾರಸಿಗೆ ಐಎಸ್ 875 ಎಂಬ ಭಾರತೀಯ ಮಾನದಂಡ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ. ಹಳೇ ಕಟ್ಟಡದ ಕಬ್ಬಿಣಕ್ಕೆ ತುಕ್ಕು ಹಿಡಿದಿದ್ದರೆ ಅಷ್ಟನ್ನೂ ನಂಬುವ ಹಾಗಿಲ್ಲ. ಅಕ್ಕನ ಮಗನ ತಲೆಯಲ್ಲಿ ಇದ್ದದ್ದು ಇಂಥದೇ ಮಣ್ಣಿನ ಮಡಿ. ಆ ಪ್ರಶ್ನೆ ಬಾರದಿದ್ದರೆ ಅವನು ಕಟ್ಟಿಯೂ ಬಿಡುತ್ತಿದ್ದ. ತಕರಾರು ತೆಗೆದವರೇ ತೋಟವನ್ನು ಕಾಪಾಡಿದರು ಅಂತ ಈಗ ಅವನೇ ಹೇಳುತ್ತಾನೆ.

ಸಭೆ ಒಪ್ಪಿತು, ಷರತ್ತಿನ ಮೇಲೆ. ಮೊದಲು ಚಳಿಗಾಲದಲ್ಲಿ ತಾರಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು. ಆಮೇಲೆ ಗಿಡ. ಮಣ್ಣಿನ ಮಡಿ ಬೇಡ, ಗ್ರೋ ಬ್ಯಾಗ್ ಎಂಬ ಗಿಡ ಬೆಳೆಸುವ ಚೀಲ ಮಾತ್ರ. ಬ್ಯಾಗುಗಳು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಕೆಳಗೆ ಪೊರಕೆ ಆಡುವಷ್ಟು ಎತ್ತರದಲ್ಲಿ, ತೊಲೆಗಳು ಹೋಗುವ ಅಂಚಿನಲ್ಲೇ ಇರಬೇಕು. ನೀರಿನ ಪೈಪಿನ ಬಾಯಿಯ ಹತ್ತಿರ ಏನೂ ಇಡಬಾರದು. ಸೊಸೈಟಿಯ ಟಾಕಿಯ ನೀರು ಮುಟ್ಟಬಾರದು. ರಿಪೇರಿಗೆ ಕೇಳಿದರೆ ವಾರದೊಳಗೆ ಎಲ್ಲ ತೆಗೆಯಬೇಕು. ಇದನ್ನೆಲ್ಲ ಸಭೆಯ ನಡಾವಳಿಯಲ್ಲಿ ಬರೆಸಿಕೊಂಡದ್ದು ಸೊಸೆಯ ಜಾಣತನ. ಕಮಿಟಿ ಬದಲಾದರೂ ಕಾಗದ ಇರುತ್ತದೆ.

ಕಾಯುವ ತಿಂಗಳುಗಳಲ್ಲಿ ಗೊಬ್ಬರ

ತಾರಸಿ ಸಿದ್ಧವಾಗುವವರೆಗೆ ಅಕ್ಕ ಸುಮ್ಮನೆ ಕೂರಲಿಲ್ಲ. ಮಣ್ಣು ಭಾರವಾದರೆ ಹಗುರ ಮಣ್ಣು ತಾವೇ ಮಾಡಬೇಕು. ಮೆಟ್ಟಿಲ ಕೆಳಗೆ ಮುಚ್ಚಳ ಇರುವ ಎರಡು ಡ್ರಮ್ ಇಟ್ಟು ಹಸಿ ಕಸ ಹಾಕತೊಡಗಿದರು. ಮೊದಲ ಡ್ರಮ್ ನಾರಿತು. ಕರಾವಳಿಯ ಮನೆ, ಮೀನಿನ ತಲೆ ಮುಳ್ಳೂ ಅದಕ್ಕೇ ಹೋಗಿತ್ತು. ಹೆಗ್ಗಣ ಬಂತು. ಮಳೆಗಾಲದಲ್ಲಿ ಲೆಪ್ಟೋಸ್ಪೈರೋಸಿಸ್ ಎಂಬ ಇಲಿಜ್ವರದ ಭಯ ಇರುವ ಊರಿದು, ಹೆಗ್ಗಣವನ್ನು ಕರೆಯುವ ತೋಟ ಯಾರಿಗೂ ಬೇಡ. ಆ ಡ್ರಮ್ ಖಾಲಿ ಮಾಡಿಸಿದೆವು.

ಎರಡನೇ ಸಲ ನಿಯಮ ಕಟ್ಟುನಿಟ್ಟು. ಮೀನು, ಮಾಂಸ, ಬೇಯಿಸಿದ್ದು, ಎಣ್ಣೆ ತಾಗಿದ್ದು ಬೇಡ. ತರಕಾರಿ ಸಿಪ್ಪೆ, ಚಹಾದ ಚರಟ, ಹೂವು ಮಾತ್ರ. ಒಂದು ಪಾಲು ಹಸಿ ಹಾಕಿದರೆ ಅದರ ಮೇಲೆ ಅಷ್ಟೇ, ಅಥವಾ ಸ್ವಲ್ಪ ಜಾಸ್ತಿ ಒಣ ಎಲೆ. ಕಟ್ಟಡ ಗುಡಿಸುವವರು ಸುಡಲು ಗುಡ್ಡೆ ಹಾಕುತ್ತಿದ್ದ ಎಲೆಯನ್ನು ಚೀಲದಲ್ಲಿ ತುಂಬಿ ಕೊಟ್ಟರು. ರಸ್ತೆ ತುದಿಯ ಕಬ್ಬಿನ ರಸದ ಅಂಗಡಿಯಿಂದ ಜಲ್ಲೆಯ ಸಿಪ್ಪೆ ಬಂತು, ಅದನ್ನು ಒಣಗಿಸಿ ಕತ್ತರಿಸಿ ಹಾಕಿದರು. ಹುಳಿ ಮಜ್ಜಿಗೆ ಚಿಮುಕಿಸಿದರು. ವಾರಕ್ಕೊಮ್ಮೆ ಕೋಲಿನಿಂದ ತಿರುವಿದರು. ಎರಡು ತಿಂಗಳು ಕಳೆದ ಮೇಲೆ ಮುಚ್ಚಳ ತೆಗೆದರೆ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆಯ ಗೊಬ್ಬರ. ವಹಿನಿ ಕೈಗೆತ್ತಿಕೊಂಡು ಮೂಸಿ ನೋಡಿ, ತಮ್ಮ ಮನೆಯ ಸಿಪ್ಪೆಯನ್ನೂ ತರತೊಡಗಿದರು.

ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ದೊಡ್ಡ ಸೊಸೈಟಿಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕು ಎಂದು ಮಹಾನಗರಪಾಲಿಕೆ 2017ರಲ್ಲಿ ಹೇಳಿತು. ಈ ಕಟ್ಟಡ ಸಣ್ಣದು, ಆ ನಿಯಮ ಇದಕ್ಕೆ ತಾಗುವುದಿಲ್ಲ. ಆದರೂ ಕೆಲವು ತಿಂಗಳಲ್ಲಿ ಕಸದ ಗಾಡಿಗೆ ಹೋಗುವ ಬಕೆಟ್ಟುಗಳು ಕಡಿಮೆಯಾದವು.

ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು, ಸ್ವಲ್ಪವೇ ಕೆಂಪು ಮಣ್ಣು. ಹನ್ನೆರಡು ಇಂಚಿನ ಬ್ಯಾಗು ನೀರು ಕುಡಿದಾಗಲೂ ಸುಮಾರು 20 ಕಿಲೋ. ಇಂಜಿನಿಯರ್ ತೂಕದ ಯಂತ್ರ ತಂದು ಒಂದನ್ನು ತೂಗಿಯೇ ಒಪ್ಪಿಗೆ ಕೊಟ್ಟರು.

ತಾರಸಿಯ ಮೊದಲ ವರ್ಷ

ಜನವರಿಯಲ್ಲಿ ಬ್ಯಾಗುಗಳು ಮೇಲೇರಿದವು. ಹರಿವೆ, ಮೂಲಂಗಿ, ಕೊತ್ತಂಬರಿ ಬೇಗ ಬಂದವು. ಪಾರಿವಾಳಗಳೂ ಬಂದು ಮೊಳಕೆ ಕಿತ್ತು ಹಾಕಿದವು, ಬಲೆ ಕಟ್ಟಬೇಕಾಯಿತು. ಬೆಂಡೆಗೆ ಹಿಟ್ಟು ತಿಗಣೆ ಹತ್ತಿತು. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿದರು. ನೀರು ಎಲ್ಲಿಂದ? ವಹಿನಿ ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಎತ್ತಿಟ್ಟರು. ಅವರ ಮನೆಯಿಂದ ತಾರಸಿಗೆ ಒಂದೇ ಏಣಿ ಮೆಟ್ಟಿಲು. ಎರಡನೇ ಮಾಳಿಗೆಯಿಂದ ಹೊರುವ ಕಷ್ಟ ತಪ್ಪಿತು.

ಮಳೆಗಾಲಕ್ಕೆ ಮೆಂತ್ಯ, ಪಾಲಕ್, ಕೊತ್ತಂಬರಿ ಕೊಳೆಯುತ್ತವೆ. ಅಕ್ಕ ಅವನ್ನು ನಿಲ್ಲಿಸಿ ಬಸಳೆ, ತೊಂಡೆ, ಕೆಸು, ಅರಿಶಿನಕ್ಕೆ ಜಾಗ ಬಿಟ್ಟರು. ಊರಿನಲ್ಲಿ ಮಳೆಗೆ ಏನು ಬರುತ್ತದೋ ಇಲ್ಲಿಯೂ ಅದೇ ಬರುತ್ತದೆ. ಪ್ಯಾಕೆಟ್ಟಿನ ಹಿಂದಿನ ಬರಹಕ್ಕಿಂತ ಅಕ್ಕನ ಬಾಲ್ಯದ ನೆನಪು ಹೆಚ್ಚು ಸರಿಯಾಗಿತ್ತು. ಬಸಳೆ ಹಗ್ಗದ ಚಪ್ಪರ ತುಂಬಾ ಹಬ್ಬಿತು. ಬೆಳಿಗ್ಗೆ ಏಳಕ್ಕೆ ಕೊಯ್ದ ದಂಟು, ಎಲೆ ಹನ್ನೊಂದಕ್ಕೆ ಹೆಸರುಕಾಳಿನ ಜೊತೆ ಬೇಯುತ್ತಿತ್ತು.

ಕೆಸುವಿನ ಎಲೆಯಿಂದ ಅಕ್ಕ ಪತ್ರೊಡೆ ಮಾಡಿ ಮೇಲಕ್ಕೆ ಕಳಿಸಿದರು. ವಹಿನಿ ಅದೇ ಎಲೆಗೆ ಕಡಲೆಹಿಟ್ಟು ಹಚ್ಚಿ ಅಳೂವಡಿ ಮಾಡಿ ಕೆಳಕ್ಕೆ ಕಳಿಸಿದರು. ಇಬ್ಬರೂ ಹುಣಸೆ ಬಿಡುವುದಿಲ್ಲ, ಗಂಟಲು ತುರಿಸಬಾರದಲ್ಲ. ಒಂದು ವರ್ಷ ಹಿಂದೆ ಸೂರಿನ ವಿಷಯಕ್ಕೆ ಮುಖ ತಿರುಗಿಸಿದ್ದ ಎರಡು ಮನೆ. ಸೊಪ್ಪು ತಿನ್ನದ ಮೊಮ್ಮಗಳು ತಾನೇ ಬಿತ್ತಿದ ಹರಿವೆಯ ಪಲ್ಯ ತಿನ್ನತೊಡಗಿದಳು, ಬೇರೆ ಸೊಪ್ಪನ್ನು ಇವತ್ತಿಗೂ ತಟ್ಟೆಯ ಅಂಚಿಗೆ ಸರಿಸುತ್ತಾಳೆ. ಇಷ್ಟಾದರೂ ನನಗೆ ದೊಡ್ಡ ವಿಷಯವೇ.

ನಡುವೆ ಒಂದು ಹೆದರಿಕೆಯೂ ಆಯಿತು. ಕವಾಟ ಬದಲಿಸಿದ್ದರಿಂದ ಭಾವ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಗುಂಪಿನ ಮಾತ್ರೆ ತಿನ್ನುತ್ತಾರೆ. ಅದರ ಹದ ನೋಡಲು ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಬಸಳೆಯ ಸುಗ್ಗಿಯಲ್ಲಿ ಆ ಅಂಕಿ ಇರಬೇಕಾದ್ದಕ್ಕಿಂತ ಕೆಳಗೆ ಬಂತು. ಅಂದರೆ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಮಾತ್ರೆ ತಪ್ಪಿಸಿದ್ದೀರಾ ಅಂತ ಡಾಕ್ಟರು ಕೇಳಿದರು. ತಪ್ಪಿಸಿರಲಿಲ್ಲ. ಊಟದಲ್ಲಿ ಏನಾದರೂ ಬದಲಾಗಿದೆಯಾ ಅಂದಾಗ ಅಕ್ಕನಿಗೆ ಹೊಳೆಯಿತು. ಹಸಿರು ಸೊಪ್ಪಿನಲ್ಲಿ ಕೆ ಜೀವಸತ್ವ ತುಂಬಾ ಇರುತ್ತದೆ, ಅದು ಈ ಗುಂಪಿನ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಮೊದಲು ಅಪರೂಪಕ್ಕೆ ತಿನ್ನುತ್ತಿದ್ದ ಬಸಳೆಯನ್ನು ಭಾವ ಆಗ ದಿನಾ ತಿನ್ನುತ್ತಿದ್ದರು.

ಡಾಕ್ಟರು ಸೊಪ್ಪು ನಿಲ್ಲಿಸಿ ಅನ್ನಲಿಲ್ಲ. ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಆಗಬಾರದು, ಪ್ರತಿವಾರ ಒಂದೇ ಅಳತೆಯಲ್ಲಿ ತಿನ್ನಿ, ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತೇನೆ ಅಂದರು. ಅಕ್ಕ ಭಾವನಿಗೆಂದು ಒಂದು ಬಟ್ಟಲು ಗೊತ್ತು ಮಾಡಿದರು. ವಾರದಲ್ಲಿ ಯಾವ ದಿನ ಎಂಬುದನ್ನೂ ಗೊತ್ತು ಮಾಡಿದರು. ಮುಂದಿನ ಪರೀಕ್ಷೆಗಳಲ್ಲಿ ಅಂಕಿ ಹದಕ್ಕೆ ಬಂತು. ಮನೆಯಲ್ಲಿ ಇಂಥ ಮಾತ್ರೆ ತಿನ್ನುವವರಿದ್ದರೆ ಮೊದಲ ಕೊಯ್ಲಿಗೂ ಮುಂಚೆ ಡಾಕ್ಟರನ್ನು ಕೇಳಿ ಅಂತ ಈಗ ನಾನು ಎಲ್ಲ ಕಡೆ ಹೇಳುತ್ತೇನೆ. ಮನೆಯ ಸೊಪ್ಪು ಒಳ್ಳೆಯದು ಎಂಬ ನಂಬಿಕೆಯಲ್ಲಿ ಅಳತೆ ಮರೆತುಹೋಗುತ್ತದೆ.

ಭಾವನ ಬಟ್ಟಲು ಗೊತ್ತಾದ ಮೇಲೆ ಸೊಪ್ಪು ಉಳಿಯಿತು. ಉಳಿದದ್ದು ಬಾಗಿಲು ಬಾಗಿಲಿಗೆ ಹೋಯಿತು. ಸಭೆಯಲ್ಲಿ ತಾರಸಿ ತೋಟಕ್ಕೆ ವಿರೋಧವಾಗಿ ಕೈ ಎತ್ತಿದ್ದ ಮನೆಗಳಿಗೂ ಹೋಯಿತು. ಆ ಮನೆಯವರೇ ಮುಂದೆ ಬ್ಯಾಗು ಕೇಳಿಕೊಂಡು ಬಂದರು.

ಖರ್ಚು, ಸೊಳ್ಳೆ, ಮೇ ತಿಂಗಳು

ಹಣದ ಮಾತು ಬಂದರೆ ನೇರವಾಗಿ ಹೇಳಬೇಕು. ಸ್ಟ್ಯಾಂಡು, ಬ್ಯಾಗು, ಬಲೆ, ನಾರಿನ ಪುಡಿಗೆ ಹಾಕಿದ್ದು ಮೊದಲ ವರ್ಷದ ಸೊಪ್ಪಿನಲ್ಲಿ ವಾಪಸು ಬರಲಿಲ್ಲ. ಈರುಳ್ಳಿ, ಬಟಾಟೆ, ಟೊಮೆಟೊ ಮೊದಲಿನ ಹಾಗೇ ಅಂಗಡಿಯಿಂದಲೇ ಬರುತ್ತವೆ. ನಿಂತದ್ದು ಸೊಪ್ಪು, ಕರಿಬೇವು, ಪುದಿನದ ಖರೀದಿ. ಮೂರು ಎಸಳು ಬೇಕೆಂದು ಕಟ್ಟು ತಂದು ಫ್ರಿಜ್ಜಿನಲ್ಲಿ ಕೊಳೆಸುವುದೂ ನಿಂತಿತು. ಉಳಿತಾಯ ಆಗುತ್ತದೆಂದು ನಂಬಿಸಿ ಯಾರಿಗೂ ಗಿಡ ಕೊಡಿಸಬಾರದು. ಆರು ತಿಂಗಳಿಗೆ ಲೆಕ್ಕ ಹಾಕಿ ಬಿಟ್ಟುಬಿಡುತ್ತಾರೆ.

ಸೊಳ್ಳೆಯ ವಿಷಯದಲ್ಲಿ ಅಕ್ಕ ಕಟ್ಟುನಿಟ್ಟು. ಡೆಂಗ್ಯೂ ಹರಡುವ ಸೊಳ್ಳೆ ನಿಂತ ಸ್ವಚ್ಛ ನೀರಿನಲ್ಲೇ ಮೊಟ್ಟೆ ಇಡುತ್ತದೆ, ವಾರ, ಹತ್ತು ದಿನದಲ್ಲಿ ಹಾರುತ್ತದೆ. ಮಳೆಗಾಲದಲ್ಲಿ ಪಾಲಿಕೆಯವರು ತಾರಸಿ ಹತ್ತಿ ಕುಂಡದ ತಟ್ಟೆ ನೋಡುತ್ತಾರೆ. ಇಲ್ಲಿ ಕುಂಡದ ಕೆಳಗೆ ತಟ್ಟೆಯೇ ಇಲ್ಲ. ನೀರು ತುಂಬಿದ ಬಕೆಟ್ಟು ರಾತ್ರಿ ತಾರಸಿಯಲ್ಲಿ ಉಳಿಯುವುದಿಲ್ಲ.

ಮೇ ತಿಂಗಳಲ್ಲಿ ಮನೆಯವರೆಲ್ಲ ಊರಿಗೆ ಹೋಗುತ್ತಾರೆ. ಮುಂಬಯಿಯ ನಮ್ಮವರ ತೋಟಗಳು ಸಾಯುವುದು ಆ ತಿಂಗಳಲ್ಲೇ. ಅಕ್ಕ ಏಪ್ರಿಲ್ ಕೊನೆಗೆ ಸೊಪ್ಪನ್ನೆಲ್ಲ ಕೊಯ್ದು ಮುಗಿಸುತ್ತಾರೆ. ಖಾಲಿ ಬ್ಯಾಗುಗಳಿಗೆ ಒಣ ಎಲೆ ಮುಚ್ಚಿ ಬಿಡುತ್ತಾರೆ. ಕರಿಬೇವು, ಬಸಳೆಯ ಬುಡ, ತೊಂಡೆ ಮಾತ್ರ ಹಸಿರು ನೆಟ್ ಕೆಳಗೆ ಉಳಿಯುತ್ತವೆ. ಅವಕ್ಕೆ ನೀರು ವಹಿನಿಯ ಪಾಲು. ದೀಪಾವಳಿಗೆ ವಹಿನಿ ಊರಿಗೆ ಹೋದಾಗ ಅವರ ತುಳಸಿಗೆ ಅಕ್ಕನ ಸರದಿ.

ಈಗಿನ ಸ್ಥಿತಿ

ತಾರಸಿಯಲ್ಲಿ ಈಗ ಬೇರೆ ಮನೆಗಳ ಬ್ಯಾಗುಗಳೂ ಇವೆ, ಅದೇ ಷರತ್ತಿನ ಮೇಲೆ. ವಹಿನಿಯ ಸೂರು ಒಣಗಿದೆ. ಆದರೆ ಕಟ್ಟಡ ಹಳೆಯದು. ಮುಲುಂಡಿನ ಎಷ್ಟೋ ಸೊಸೈಟಿಗಳ ಹಾಗೆ ಇಲ್ಲೂ ರೀಡೆವಲಪ್‌ಮೆಂಟ್ ಮಾತು ಶುರುವಾಗಿದೆ. ಕೆಡವಿ ಟವರ್ ಕಟ್ಟಿದರೆ ತೋಟ ಹೋಗುತ್ತದೆ ಅಂತ ಮನೆಯವರು ಬೇಸರ ಮಾಡಿಕೊಂಡರು.

ಅಕ್ಕ ಹೋದ ಸಭೆಗೆ ಇನ್ನೊಂದು ಪತ್ರ ಕೊಟ್ಟಿದ್ದಾರೆ. ಬಿಲ್ಡರ್ ಮುಂದಿಡುವ ಬೇಡಿಕೆಗಳ ಪಟ್ಟಿಯಲ್ಲಿ ಪಾರ್ಕಿಂಗ್, ಕಾರ್ಪೆಟ್ ಏರಿಯಾ ಜೊತೆ ಇದೂ ಸೇರಲಿ ಎಂದು. ಹೊಸ ತಾರಸಿಯ ಒಂದು ಭಾಗವನ್ನು ಒದ್ದೆ ಮಣ್ಣಿನ ಭಾರಕ್ಕೆ ಲೆಕ್ಕ ಹಾಕಿಯೇ ಕಟ್ಟಬೇಕು. ನೀರು ಇಳಿಯಲು ಸರಿಯಾದ ಇಳಿಜಾರು ಬೇಕು. ತಾರಸಿಗೆ ಒಂದು ನಲ್ಲಿ, ಕೆಳಗೆ ಗೊಬ್ಬರದ ಡ್ರಮ್ಮಿಗೆ ಗಾಳಿಯಾಡುವ ಜಾಗ ಬೇಕು. ಭಾರದ ಅಂಕಿಗಳನ್ನು ಒಂದನೇ ಮಾಳಿಗೆಯ ಇಂಜಿನಿಯರ್ ಬರೆದುಕೊಟ್ಟರು. ಪತ್ರವನ್ನು ಮರಾಠಿಯಲ್ಲಿ ಬರೆದವರು ವಹಿನಿ. ಅರ್ಧಕ್ಕಿಂತ ಹೆಚ್ಚು ಮನೆಯವರು ಸಹಿ ಹಾಕಿದ್ದಾರೆ, ಸೆಕ್ರೆಟರಿಯೂ ಹಾಕಿದ್ದಾರೆ. ಪಟ್ಟಿಗೆ ಸೇರಿಸುವ ವಿಷಯ ಮುಂದಿನ ಸಭೆಯಲ್ಲಿ ತೀರ್ಮಾನವಾಗಬೇಕು.